ಹಂದಿ ಬೇಯುವ ಹೊತ್ತು

ಹೋದ ಶನಿವಾರ ರಾತ್ರಿ ನಮ್ಮಕ್ಕನ ಮಗಳು ಬೆಂಗಳೂರಿಂದ ಸತ್ಯಮಂಗಲದ ನಮ್ಮನೆಗೆ ಬಂದಳು. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲೊಂದು ದೊಡ್ಡ ರಟ್ಟಿನ ಡಬ್ಬ. ಡಬ್ಬದೊಳಗೆ ಸ್ಲೋ ಕುಕ್ಕರ್ ಅನ್ನೋ ಸಾಮಾನು. ದಪ್ಪನೆ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ, ತಿರುಗಿಸೋಕೆ ಒಂದು ಗುಂಡಿ, ಅಷ್ಟೇ. ಒಂದೂವರೆ ಕೆಜಿ ಹಂದಿ ಬಾಡು, ಅರ್ಧ ಅನಾನಸ್, ಬೆಲ್ಲ, ಶುಂಠಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಮುಚ್ಚಳ ಮುಚ್ಚಿ, ರಾತ್ರಿ ಹತ್ತಕ್ಕೆ ಸ್ವಿಚ್ ಒತ್ತಿ ಮಲಗಿಬಿಟ್ಟಳು. ಬೆಳಗ್ಗೆ ಎದ್ದರೆ ಮನೆ ತುಂಬ ವಾಸನೆ. ಎರಡು ಫೋರ್ಕ್ ತಗೊಂಡು ಎಳೆದರೆ ಬಾಡು ಎಳೆಎಳೆಯಾಗಿ ಬಿಡಿಸಿಕೊಳ್ತಿತ್ತು. ಅದನ್ನ ಬೇಕರಿ ಬನ್ನಿಗೆ ತುಂಬಿ, ಮೇಲೊಂದಿಷ್ಟು ಎಲೆಕೋಸು, ಈರುಳ್ಳಿ ಹೆಚ್ಚಿ ಹಾಕಿ ಎಲ್ಲರಿಗೂ ಕೊಟ್ಟಳು. ಇದಕ್ಕೆ ಪುಲ್ಡ್ ಪೋರ್ಕ್ ಸ್ಯಾಂಡ್‌ವಿಚ್ ಅಂತಾರಂತೆ. ಬೆಂಗಳೂರಿನ ಹೋಟೆಲಲ್ಲಿ ಇಂಥ ಒಂದು ಬನ್ನಿಗೆ ಕೊಡೋ ದುಡ್ಡಲ್ಲಿ ನಮ್ಮ ಕಡೆ ಒಂದು ಕೆಜಿ ಬಾಡೇ ಬರುತ್ತೆ ಅಂದಳು.

ನಮ್ಮವ್ವ ಬನ್ನನ್ನ ಪಕ್ಕಕ್ಕಿಟ್ಟು ಬಾಡನ್ನ ಮಾತ್ರ ಬಾಯಿಗಿಟ್ಟುಕೊಂಡಳು. "ಹಲ್ಲಿಲ್ದೋರ್ಗೂ ಆಯ್ತದೆ ಕಣೇ. ಇದ್ಯಾಕೆ ಇಷ್ಟು ಸೀ ಮಾಡಿದ್ದೀಯ?" ಅಂದಳು. ಆಮೇಲೆ ಕುಕ್ಕರಿನ ಸುತ್ತ ಒಂದ್ಸಲ ನೋಡಿ, "ನಾವೂ ಹಿಂಗೇ ಇಕ್ತಿದ್ವಿ, ಕೆಂಡದ ಮ್ಯಾಲೆ, ರಾತ್ರೆಲ್ಲ. ಕರೆಂಟು ಇರ್ನಿಲ್ಲ ಅಷ್ಟೇಯ" ಅಂದಳು.

ನಾನು ಸುಮ್ಮನೆ ಕೇಳಿದೆ, "ನಿನ್ನತ್ರ ಪ್ರೆಶರ್ ಕುಕ್ಕರ್ ಇತ್ತಲ್ಲ, ಇದ್ಯಾಕೆ ತಗೊಂಡೆ?"

"ಮಾವ, ಇದು ಸೀಟಿ ಹೊಡೆಯಲ್ಲ."

ಅವಳಿರೋದು ಬಾಡಿಗೆ ಮನೇಲಿ. ಓನರ್ 'ಪ್ಯೂರ್ ವೆಜ್' ಅಂತ ಮೊದಲೇ ಹೇಳಿದ್ದಾರೆ. ಭಾನುವಾರ ಮಧ್ಯಾಹ್ನ ಏಳೆಂಟು ಸೀಟಿ ಹೊಡೆದರೆ ಒಳಗೆ ಬೇಯ್ತಿರೋದು ಬೇಳೆಯಲ್ಲ ಅಂತ ಕೆಳಗಿನ ಮನೆಯವರಿಗೆ ಗೊತ್ತಾಗಿಬಿಡುತ್ತೆ. ಸ್ಲೋ ಕುಕ್ಕರ್ ಸದ್ದು ಮಾಡಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಇಟ್ಟು, ಅಡುಗೆಮನೆ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಮಲಗ್ತಾಳಂತೆ. ಇಂಜಿನಿಯರಿಂಗ್ ಓದಿದ ಹುಡುಗಿ, ಸ್ವಂತ ಸಂಬಳ, ಆದರೂ ಟವೆಲ್. ಎರಡು ದಿನದಿಂದ ಆ ಮಾತು ತಲೇಲಿ ತಿರುಗ್ತಾ ಇದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಸಮಾಧಾನದಿಂದ ಓದಿ ಗೆಳೆಯರೇ.

ಮೊದಲು ಈ ಪಾತ್ರೆಯ ಕಥೆ. ಇದನ್ನ ಕಂಡುಹಿಡಿದದ್ದು ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಅನ್ನೋ ಯಹೂದಿ ಇಂಜಿನಿಯರ್. 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1940ರಲ್ಲಿ ಸಿಕ್ಕಿತು. ಈ ಯೋಚನೆ ಬಂದದ್ದು ಅವರ ತಾಯಿ ಹೇಳ್ತಿದ್ದ ಕಥೆಯಿಂದ. ಲಿಥುವೇನಿಯಾದ ವಿಲ್ನಾ ಊರಿನ ಯಹೂದಿ ಕೇರಿಯಲ್ಲಿ ಸಬ್ಬತ್ ದಿನ ಬೆಂಕಿ ಹೊತ್ತಿಸೋ ಹಾಗಿಲ್ಲ. ಅದಕ್ಕೆ ಶುಕ್ರವಾರ ಸಂಜೆಯೇ ಕಾಳು, ಮಾಂಸ, ಗೆಡ್ಡೆ ತುಂಬಿದ ಮಡಕೆ ತಗೊಂಡು ಹೋಗಿ ಬೇಕರಿಯ ಆರುತ್ತಿರೋ ಒಲೆಯಲ್ಲಿ ಇಟ್ಟು ಬರ್ತಿದ್ರು. ಮಾರನೇ ದಿನದ ಹೊತ್ತಿಗೆ ಅದು ಮೆತ್ತಗೆ ಬೆಂದಿರ್ತಿತ್ತು. ಆ ಅಡುಗೆಗೆ ಚೋಲೆಂಟ್ ಅಂತಾರೆ. ನ್ಯಾಕ್ಸನ್ ಆ ಬೇಕರಿ ಒಲೆಯ ಆರುವ ಕಾವನ್ನ ಒಂದು ಕರೆಂಟಿನ ಪಾತ್ರೆಯೊಳಗೆ ಹಿಡಿದಿಟ್ಟರು. 1971ರಲ್ಲಿ ರೈವಲ್ ಅನ್ನೋ ಕಂಪನಿ ಅದನ್ನೇ 'ಕ್ರಾಕ್-ಪಾಟ್' ಅಂತ ಹೆಸರಿಟ್ಟು ಮಾರಿತು. ಹಂದಿಯನ್ನೇ ಮುಟ್ಟದ ಧರ್ಮದವರ ಮಡಕೆ ಇವತ್ತು ಲೋಕದ ತುಂಬ ಹಂದಿ ಬೇಯಿಸೋಕೆ ಹೆಸರಾಗಿದೆ, ಇದೊಂದು ತಮಾಷೆ. ವಿಲ್ನಾದ ಆ ಯಹೂದಿ ಕೇರಿಯನ್ನ ನಾಜಿಗಳು ಹೆಚ್ಚುಕಮ್ಮಿ ಪೂರ್ತಿ ನಾಶ ಮಾಡಿದರು ಅನ್ನೋದು ತಮಾಷೆಯಲ್ಲ.

ಇನ್ನು ಅವ್ವ ಹೇಳಿದ ಕೆಂಡ. ನಮ್ಮ ಕಡೆ ತೆಂಗಿನ ನಾಡು, ಸೌದೆಗಿಂತ ಮಟ್ಟೆ, ಚಿಪ್ಪು, ಗರಿಯೇ ಜಾಸ್ತಿ. ಮಟ್ಟೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟರೆ ಬೆಳಗಿನ ತನಕ ಕಾವು ಇರುತ್ತೆ. ಕೇರಿಗೆ ಬರ್ತಿದ್ದ ಪಾಲಾದರೂ ಎಂಥದು? ತಲೆ, ಕಾಲು, ಚಕ್ಕಳ, ಭುಜದ ಗಟ್ಟಿ ತುಂಡು. ಓಡಾಡೋ ಪ್ರಾಣಿಯ ದುಡಿಯೋ ಭಾಗಗಳು. ಅವುಗಳಲ್ಲಿ ಕೊಲಾಜೆನ್ ಅನ್ನೋ ನಾರು ಹೆಚ್ಚು. ಜೋರು ಉರಿಯಲ್ಲಿ ಬೇಗ ಬೇಯಿಸಿದರೆ ಅದು ಚಪ್ಪಲಿ ಅಟ್ಟೆ ಥರ ಆಗುತ್ತೆ. ಸಣ್ಣ ಕಾವಿನಲ್ಲಿ ಏಳೆಂಟು ಗಂಟೆ ಬಿಟ್ಟರೆ ಆ ನಾರೇ ಕರಗಿ ಅಂಟಂಟು ರಸ ಆಗುತ್ತೆ, ಮಾಂಸ ಎಳೆಎಳೆಯಾಗಿ ಬಿಡುತ್ತೆ. ಅದಕ್ಕೇ ಈ ಅಡುಗೆ ಲೋಕದಲ್ಲಿ ಎಲ್ಲಿ ಹುಟ್ಟಿದೆ ಅಂತ ನೋಡಿದರೆ ಬಹುತೇಕ ಸಲ ಒಳ್ಳೇ ತುಂಡು ಸಿಗದೇ ಇದ್ದ ಮನೇಲೇ ಹುಟ್ಟಿರುತ್ತೆ.

ಪುಲ್ಡ್ ಪೋರ್ಕ್ ಅನ್ನೋದೂ ಹಾಗೇ. ಕೊಲಂಬಸ್ 1493ರಲ್ಲಿ ಎರಡನೇ ಸಲ ಹೊರಟಾಗ ಹಡಗಿನಲ್ಲಿ ಹಂದಿಗಳನ್ನ ತಗೊಂಡು ಹೋದ. ಅದೇ ಯಾನದಲ್ಲಿ, ಗ್ವಾಡೆಲೂಪ್ ದ್ವೀಪದಲ್ಲಿ ಅವನ ಜನ ಮೊದಲ ಸಲ ಅನಾನಸ್ ನೋಡಿದರು. ಹಂದಿ ಮತ್ತು ಅನಾನಸ್ ಮುಖಾಮುಖಿ ಆದದ್ದು ಆವಾಗಲೇ ಅನ್ನಬಹುದು. ಆ ದ್ವೀಪಗಳಲ್ಲಿದ್ದ ತಾಯಿನೋ ಮೂಲನಿವಾಸಿಗಳು ಹಸಿ ಕಟ್ಟಿಗೆಯ ಅಟ್ಟ ಕಟ್ಟಿ, ಕೆಳಗೆ ಸಣ್ಣ ಬೆಂಕಿ ಹಾಕಿ ಮಾಂಸ, ಮೀನು ನಿಧಾನ ಬೇಯಿಸ್ತಿದ್ರು. ಅವರ 'ಬಾರ್ಬಕೋವಾ' ಅನ್ನೋ ಪದವೇ ಇವತ್ತಿನ ಬಾರ್ಬೆಕ್ಯೂ. ಪದ ಉಳೀತು, ಆ ಜನ ರೋಗ ಮತ್ತು ಗುಲಾಮಗಿರಿಗೆ ಸಿಕ್ಕಿ ಕೆಲವೇ ದಶಕಗಳಲ್ಲಿ ಬಹುಪಾಲು ಅಳಿದುಹೋದರು. ಆಮೇಲೆ ಆ ಬೆಂಕಿಯ ಮುಂದೆ ಕೂತವರು ಆಫ್ರಿಕಾದಿಂದ ಸರಪಳಿ ಹಾಕಿ ತಂದವರು. ಅಮೆರಿಕದ ದಕ್ಷಿಣದ ತೋಟಗಳಲ್ಲಿ ಗುಂಡಿ ತೋಡಿ, ರಾತ್ರಿಯೆಲ್ಲ ಕೆಂಡ ಕಾಯ್ದು ಇಡೀ ಹಂದಿ ಬೇಯಿಸ್ತಿದ್ದವರು ಅವರೇ. ತೊಡೆ, ಬೆನ್ನಿನ ತುಂಡು ಧಣಿಗೆ. ಕಾಲು, ಕರುಳು, ಕಿವಿ, ಬಾಲ ಬೇಯಿಸಿದವರಿಗೆ. ಮೈಕೆಲ್ ಟ್ವಿಟ್ಟಿ ಅಂತ ಒಬ್ಬ ಲೇಖಕರಿದ್ದಾರೆ, ಕಪ್ಪು ಜನಾಂಗದವರು, ಧರ್ಮದಿಂದ ಯಹೂದಿ. 2017ರಲ್ಲಿ 'ದಿ ಕುಕಿಂಗ್ ಜೀನ್' ಅಂತ ಪುಸ್ತಕ ಬರೆದರು. ತಮ್ಮ ಪೂರ್ವಿಕರು ಗುಲಾಮರಾಗಿದ್ದ ತೋಟಗಳಿಗೇ ಹೋಗಿ, ಅದೇ ರೀತಿ ಅಡುಗೆ ಮಾಡಿ, ಈ ಅಡುಗೆ ಯಾರದು ಅಂತ ಕೇಳ್ತಾರೆ. ಬಾಬಾಸಾಹೇಬರು 1946ರಲ್ಲಿ ಡುಬೋಯಿಸ್ ಅವರಿಗೆ ಕಾಗದ ಬರೆದದ್ದು, 1972ರಲ್ಲಿ ಮುಂಬಯಿಯ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ದಲಿತ್ ಪ್ಯಾಂಥರ್ಸ್ ಕಟ್ಟಿದ್ದು ನಮಗೆಲ್ಲ ಗೊತ್ತು. ತಟ್ಟೆಯಲ್ಲೂ ಅದೇ ನಂಟಿದೆ, ಅದನ್ನ ನಾವು ಅಷ್ಟಾಗಿ ಮಾತಾಡಿಲ್ಲ.

"ಅದು ಅಮೆರಿಕದ ಕಥೆ ಬಿಡಿ, ನಮ್ಮ ಸಂಸ್ಕೃತಿಯಲ್ಲಿ ಹಂದಿ ಎಲ್ಲಿತ್ತು" ಅನ್ನೋರಿಗೆ ಈಗ ಕಲ್ಯಾಣಕ್ಕೆ ಬರ್ತೀನಿ. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆದ. ರಾಜನ ಭೋಗಗಳನ್ನ ಹೇಳುವಾಗ ಅದರಲ್ಲಿ ಊಟದ ಭಾಗವೂ ಬರುತ್ತೆ. ಅಲ್ಲಿ ಹಂದಿ ಇದೆ. ಬರೀ ಹೆಸರಲ್ಲ, ಕೂದಲು ತೆಗೆಯೋ ವಿಧಾನ ಸಮೇತ ಇದೆ: ಬಟ್ಟೆ ಹೊದಿಸಿ ಕುದಿಯೋ ನೀರು ಸುರಿದು ಹೆರೆಯೋದು, ಇಲ್ಲಾಂದ್ರೆ ಹುಲ್ಲಿನ ಬೆಂಕಿಯಲ್ಲಿ ಸುಡೋದು. ನಮ್ಮ ಕೇರಿ ನೋಡಿದವರು ಈ ಸಾಲು ಓದಿದರೆ ನಕ್ಕುಬಿಡ್ತಾರೆ. ಬಿಸಿನೀರು ಇಲ್ಲವೇ ಹುಲ್ಲು, ಇವತ್ತಿಗೂ ಇವೇ ಎರಡು ದಾರಿ. ಒಂಬೈನೂರು ವರ್ಷದ ಹಿಂದೆ ಅರಮನೆಯಲ್ಲಿ ಮಾಡಿದರೆ ಪಾಕಶಾಸ್ತ್ರ, ನಾವು ಮಾಡಿದರೆ ಹೊಲಸು. ಹುಟ್ಟಿದ್ದು ಕೊಳ್ಳೇಗಾಲದಲ್ಲಿ, ಮನೆತನ ಕೊಡವರದ್ದು, ಅಂಥ ಕೆ.ಟಿ. ಅಚ್ಚಯ್ಯ 1994ರಲ್ಲಿ ಭಾರತದ ಆಹಾರದ ಚರಿತ್ರೆ ಬರೆದಾಗ ಈ ರಾಜನ ಹಂದಿಯನ್ನ ಮರೆಮಾಚದೆ ಬರೆದರು. ಅದಕ್ಕೆ ಅವರಿಗೆ ನಮಸ್ಕಾರ. ಆದರೆ ನಮಗೆ ಶಾಲೆಯಲ್ಲಿ ಹೇಳಿಕೊಟ್ಟದ್ದು ಸೋಮೇಶ್ವರನಿಗೆ 'ಸರ್ವಜ್ಞ' ಅನ್ನೋ ಬಿರುದಿತ್ತು ಅಂತ ಮಾತ್ರ. ಆ ಸರ್ವಜ್ಞ ಏನು ತಿಂತಿದ್ದ ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ.

ಚಾಲುಕ್ಯರ ಲಾಂಛನವೇ ವರಾಹ. ಬಾದಾಮಿಯ ಮೂರನೇ ಗುಹೆಯಲ್ಲಿ, 578ರಲ್ಲಿ ಕೊರೆಸಿದ್ದು, ವರಾಹ ಭೂಮಿಯನ್ನ ಎತ್ತಿಕೊಂಡು ನಿಂತಿದ್ದಾನೆ. ವಿಜಯನಗರದ ಲಾಂಛನದಲ್ಲೂ ವರಾಹ. ಚಿನ್ನದ ನಾಣ್ಯದ ಹೆಸರೂ ವರಹ. ಕಲ್ಲಿನ ಹಂದಿಗೆ ಕೈ ಮುಗಿದು, ಚಿನ್ನದ ಹಂದಿಯನ್ನ ಗಂಟು ಕಟ್ಟಿ, ಮಣ್ಣಿನ ಮೇಲೆ ಓಡಾಡೋ ಹಂದಿಯನ್ನ ಸಾಕೋರನ್ನ ಊರಾಚೆ ಇಟ್ಟರು. ವಿಜಯನಗರದ ಪೇಟೆಯನ್ನ 1520ರ ಆಸುಪಾಸಿನಲ್ಲಿ ನೋಡಿದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಅಲ್ಲಿನ ಕಟುಕರ ಬೀದಿಗಳಲ್ಲಿದ್ದ ಹಂದಿಗಳಷ್ಟು ಬಿಳುಪಾಗಿ, ಶುಚಿಯಾಗಿದ್ದವನ್ನ ಬೇರೆ ಯಾವ ದೇಶದಲ್ಲೂ ನೋಡೋಕಾಗಲ್ಲ ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಒಂದು ಹಂದಿಗೆ ನಾಲ್ಕೈದು ಪಣ ಅಂತ ಬೆಲೆಯನ್ನೂ ಹೇಳ್ತಾನೆ. ಅವನ ನಂತರ ಬಂದ ನುನಿಜ್, ಇಲ್ಲಿನ ರಾಜರು ಹಸು, ಎತ್ತು ಬಿಟ್ಟು ಎಲ್ಲ ತಿಂತಾರೆ ಅಂತ ಪಟ್ಟಿ ಕೊಡ್ತಾನೆ. ಆ ಪಟ್ಟಿಯಲ್ಲಿ ಹಂದಿಯೂ ಇದೆ. ಅದೇ ಹೊತ್ತಿಗೆ, 16ನೇ ಶತಮಾನದ ಶುರುವಿನಲ್ಲಿ, ಜೈನ ಕವಿ ಮೂರನೇ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಅದು ಪೂರ್ತಿ ಸಸ್ಯಾಹಾರ. ಒಳ್ಳೇ ಪುಸ್ತಕ, ತಕರಾರಿಲ್ಲ. ಕನ್ನಡಿಗರ ಹಳೇ ಅಡುಗೆ ಅಂದ ತಕ್ಷಣ ಅದೊಂದನ್ನೇ ಎತ್ತಿ ಹಿಡಿಯೋರ ಮೇಲೆ ಮಾತ್ರ ತಕರಾರು.

ಅನಾನಸ್ ವಿಷಯಕ್ಕೆ ಬಂದರೆ ಇನ್ನೂ ಮಜಾ. ಅದು ದಕ್ಷಿಣ ಅಮೆರಿಕದ ಹಣ್ಣು. ಹೆಸರೂ ಅಲ್ಲಿನ ಮೂಲನಿವಾಸಿಗಳದ್ದೇ. 16ನೇ ಶತಮಾನದಲ್ಲಿ ಪೋರ್ಚುಗೀಸರು ಇಲ್ಲಿಗೆ ತಂದರು. ಮೆಣಸಿನಕಾಯಿಯೂ ಅದೇ ದಾರಿಯಲ್ಲಿ ಬಂತು. ಇವತ್ತು ಮೇಲ್ಜಾತಿ ಮದುವೆ ಮನೆಯ ಎಲೆಯಲ್ಲಿ ಅನಾನಸ್ ಗೊಜ್ಜು ಇರುತ್ತೆ, ಬೆಲ್ಲ, ಹುಣಸೆ, ಎಳ್ಳು, ಒಣಮೆಣಸಿನಕಾಯಿ ಹಾಕಿ ಮಾಡಿದ್ದು. 'ಸಾಂಪ್ರದಾಯಿಕ ಊಟ' ಅಂತ ಬೋರ್ಡ್ ಬೇರೆ. ಸಮುದ್ರ ದಾಟಿ ಬಂದ ಹಣ್ಣಿಗೆ ನಾಕುನೂರು ಚಿಲ್ಲರೆ ವರ್ಷದಲ್ಲಿ ಪಂಕ್ತಿಯಲ್ಲಿ ಜಾಗ ಸಿಕ್ತು. ಕಾಡುಹಂದಿ ಈ ಮಣ್ಣಿನದೇ ಪ್ರಾಣಿ, ಅದರ ಸಂತತಿಗೆ ಸಿಗಲಿಲ್ಲ. ಅವಳ ಸ್ಲೋ ಕುಕ್ಕರಿನಲ್ಲಿ ಇದ್ದದ್ದು ನಿಜವಾಗಿ ನೋಡಿದರೆ ಅದೇ ಗೊಜ್ಜು, ಜೊತೆಗೆ ಹಂದಿ. ಹಂದಿಗೆ ಸಿಹಿ-ಹುಳಿ ಹೊಸದೂ ಅಲ್ಲ. ಮಂಗಳೂರಿನ ಕ್ರೈಸ್ತರ ಇಂದಾದ್ ಸಿಹಿ, ಹುಳಿ, ಖಾರ ಮೂರೂ ಸೇರಿದ ಹಂದಿ ಅಡುಗೆ. ಕೊಡಗಿನ ಪಂದಿ ಕರಿಗೆ ಕಾಚಂಪುಳಿ ಹಣ್ಣಿನ ಕಪ್ಪು ಹುಳಿ ಬೇಕೇ ಬೇಕು. ಪಂದಿ ಕರಿ ಈಗ ರೆಸಾರ್ಟುಗಳಲ್ಲಿ 'ಕೊಡಗಿನ ವಿಶೇಷ'. ಇರಲಿ, ಅವರ ಅಡುಗೆಗೆ ಮರ್ಯಾದೆ ಸಿಕ್ಕಿದ್ದಕ್ಕೆ ಸಂತೋಷವೇ. ಆದರೆ ಅದೇ ಪ್ರಾಣಿ ತುಮಕೂರಿನ ಕೇರಿಯಲ್ಲಿ ಬೆಂದರೆ ಯಾಕೆ ಯಾರ ವಿಶೇಷವೂ ಅಲ್ಲ? ಕೈಯಲ್ಲಿ ಜಮೀನು, ಕೋವಿ, ತೋಟ ಇರೋರು ತಿಂದರೆ ಸಂಸ್ಕೃತಿ ಆಗುತ್ತೆ. ತುಮಕೂರು ಅಂದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಂತ ಎಲ್ಲರೂ ಬರೀತಾರೆ. ನನಗೂ ತಟ್ಟೆ ಇಡ್ಲಿ ಇಷ್ಟ. ಹಂದಿ ಬಾಡು, ರಾಗಿಮುದ್ದೆ ತಿಂದು ಬೆಳೆದ ತುಮಕೂರು ಎಲ್ಲೂ ಬರಲ್ಲ ಅಷ್ಟೇ.

ಇನ್ನೊಂದು ಊಟದ ವಿಷಯ ಹೇಳಲೇಬೇಕು. ಬುದ್ಧನ ಕೊನೇ ಊಟ. ಪಾವಾ ಊರಿನಲ್ಲಿ ಚುಂದ ಅನ್ನೋ ಕಮ್ಮಾರ ಬಡಿಸಿದ್ದು 'ಸೂಕರಮದ್ದವ' ಅಂತ ಮಹಾಪರಿನಿಬ್ಬಾಣ ಸುತ್ತದಲ್ಲಿದೆ. ಸೂಕರ ಅಂದರೆ ಹಂದಿ, ಮದ್ದವ ಅಂದರೆ ಮೃದು. ಮೆತ್ತಗಿನ ಹಂದಿ. ಅದು ಹಂದಿ ಮಾಂಸವೇ ಅಂತ ಬುದ್ಧಘೋಷರ ವ್ಯಾಖ್ಯಾನ ಹೇಳುತ್ತೆ. ಅಲ್ಲ, ಹಂದಿ ತಿನ್ನೋ ಅಣಬೆಯೋ ಬಿದಿರ ಕಳಲೆಯೋ ಇರಬೇಕು ಅಂತ ವಾದ ಮಾಡೋರೂ ಹಿಂದಿನಿಂದ ಇದ್ದಾರೆ. ನಾನು ಆ ವಾದ ಬಗೆಹರಿಸೋಕೆ ಹೋಗಲ್ಲ. ನನಗೆ ಮುಖ್ಯ ಅನಿಸೋದು ಆಮೇಲಿನ ಭಾಗ. ಊಟ ಆದ ಮೇಲೆ ಬುದ್ಧನಿಗೆ ಹೊಟ್ಟೆ ಕೆಟ್ಟಿತು. ಸಾವು ಹತ್ತಿರ ಬಂತು. ಆಗ ಆನಂದನನ್ನ ಕರೆದು ಹೇಳಿದ್ದು ಚುಂದನ ಬಗ್ಗೆ: ನಿನ್ನ ಊಟದಿಂದಲೇ ಬುದ್ಧ ಸತ್ತ ಅಂತ ಯಾರಾದರೂ ಅವನ ಮನಸ್ಸು ನೋಯಿಸಬಹುದು, ಹಾಗಾಗಬಾರದು; ಜ್ಞಾನೋದಯಕ್ಕೆ ಮುಂಚೆ ಸಿಕ್ಕ ಊಟ ಎಷ್ಟು ದೊಡ್ಡದೋ ಚುಂದ ಕೊಟ್ಟ ಈ ಊಟವೂ ಅಷ್ಟೇ ದೊಡ್ಡದು ಅಂತ ಅವನಿಗೆ ಹೇಳು ಅಂತ. ಸಾಯೋ ಹೊತ್ತಿನಲ್ಲಿ ಅಡುಗೆ ಮಾಡಿದವನಿಗೆ ನಾಚಿಕೆ ಆಗಬಾರದು ಅಂತ ಯೋಚಿಸಿದ ಮನುಷ್ಯ. ನನ್ನ ಸೊಸೆ ಬಾಗಿಲ ಸಂದಿಗೆ ಟವೆಲ್ ತುರುಕೋದು ನೆನಪಾದಾಗಲೆಲ್ಲ ಈ ಕಥೆ ನೆನಪಾಗುತ್ತೆ.

ಬಾಡಿಗೆ ಮನೆ ಕಷ್ಟ ನಂದೂ ಅದೇ. ಡಿಗ್ರಿ ಓದುವಾಗ ತುಮಕೂರು ಪೇಟೆಯಲ್ಲಿ ರೂಮು ಮಾಡಿದ್ದೆ. 'ನಾನ್‌ವೆಜ್ ಪರವಾಗಿಲ್ಲ' ಅಂದಿದ್ದರು ಓನರ್. ಒಂದು ದಿನ ಊರಿಂದ ಅವ್ವ ಕಳಿಸಿದ ಡಬ್ಬಿ ತೆಗೆದೆ. ಯಾವ ಬಾಡು ಅಂತ ಕೇಳಿದರು, ಸುಳ್ಳು ಹೇಳಲಿಲ್ಲ. ತಿಂಗಳು ತುಂಬೋ ಮುಂಚೆ ಖಾಲಿ ಮಾಡಿದೆ. ಕೋಳಿ ತಿನ್ನೋ ಮನೆಗೂ ಹಂದಿ ತಿನ್ನೋ ಮನೆಗೂ ನಡುವೆ ಇನ್ನೊಂದು ಗೋಡೆ ಇದೆ ಅಂತ ಅವತ್ತು ಗೊತ್ತಾಯ್ತು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸದೂಟವನ್ನೂ ಸೇರಿಸಿದಾಗ ನಾವೆಲ್ಲ ಬಾಡೂಟ ಬೇಕು ಅಂತ ಕೂಗಿದೆವು. ಸರಿಯಾಗೇ ಕೂಗಿದೆವು. ಆದರೆ ಆ ಕೂಗಿನಲ್ಲಿ ಕೋಳಿ, ಕುರಿ, ಮೊಟ್ಟೆ ಕೇಳಿಸಿದಷ್ಟು ಹಂದಿ ನನಗೆ ಕೇಳಿಸಲಿಲ್ಲ.

"ಹಂದಿ ಗಲೀಜು ತಿನ್ನುತ್ತೆ, ಹುಳ ಇರುತ್ತೆ" ಅನ್ನೋ ಮಾತಿದೆಯಲ್ಲ. ಲಾಡಿಹುಳದ ಮರಿಗಳು ಹಂದಿ ಮಾಂಸದಲ್ಲಿ ಇರಬಹುದು, ನಿಜ. ಅವು ಅಲ್ಲಿಗೆ ಹೋಗೋದು ಮನುಷ್ಯರ ಮಲದಿಂದ. ಊರಿಗೆ ಕಕ್ಕಸು ಕಟ್ಟದೆ, ಮಲ ಹೊರೋದಕ್ಕೆ ಒಂದು ಜಾತಿಯನ್ನ ಇಟ್ಟು, ಉಳಿದದ್ದನ್ನ ಹಂದಿಗೆ ಬಿಟ್ಟವರು ಯಾರು? 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಬೇಕಾಗಿ ಬಂದದ್ದು ಇದೇ ರಾಜ್ಯದಲ್ಲಿ. ಚೆನ್ನಾಗಿ ಬೇಯಿಸಿದರೆ ಆ ಮರಿಗಳು ಸಾಯುತ್ತವೆ. ಎಂಟು ಗಂಟೆ ಬೆಂದ ಮೇಲೆ ಯಾವ ಹುಳ ಉಳಿಯುತ್ತೆ?

ಈಗ ನಮ್ಮ ಮುಖಕ್ಕೇ ಕನ್ನಡಿ ಹಿಡಿಯೋ ಮಾತು. ಇದನ್ನ ಬರೆದರೆ ನಮ್ಮವರೇ ಕೆಲವರು ಬೈತಾರೆ, ಬೈಯಲಿ. ನಾನು ಚಿಕ್ಕವನಿದ್ದಾಗ ನಮ್ಮ ಕೇರಿಗೆ ಹಂದಿ ಬರ್ತಿದ್ದದ್ದು ಹಂದಿಜೋಗಿಗಳ ಗುಡಾರದಿಂದ. ಮನೆಮಾತು ತೆಲುಗು, ಇವತ್ತು ಇಲ್ಲಿ, ನಾಳೆ ಗುಬ್ಬಿ ಕಡೆ, ಆಮೇಲೆ ಕುಣಿಗಲ್ ಕಡೆ. ನಮ್ಮಜ್ಜಿ ಅವರ ಹಂದಿಗೆ ಚೌಕಾಸಿ ಮಾಡ್ತಿದ್ದಳು, ಅವರು ನೀರು ಕೇಳಿದರೆ ಅಂಗಳದಲ್ಲೇ ನಿಲ್ಲಿಸಿ ಮೇಲಿಂದ ಹುಯ್ತಿದ್ದಳು. ಊರಿನ ಬಾವಿ ಹತ್ತಿರ ತನಗೆ ಹೇಗೆ ಹುಯ್ತಿದ್ರೋ ಹಾಗೇ. ನಮಗೆ ಹಂದಿ ಬೇಕಿತ್ತು, ಸಾಕೋರು ಬೇಡ. ಮೇಲಿನವರು ಕೋಳಿ-ಹಂದಿ ಅಂತ ಗೋಡೆ ಕಟ್ಟಿದ ಹಾಗೇ ನಾವೂ ಹಂದಿ ತಿನ್ನೋರು, ಹಂದಿ ಸಾಕೋರು ಅಂತ ಕಟ್ಟಿಕೊಂಡಿದ್ದೆವು. ಅದು ಅಜ್ಜಿ ಕಾಲಕ್ಕೆ ಮುಗೀಲಿಲ್ಲ. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಒಳಮೀಸಲಾತಿ ಕೊಡಿ ಅಂತ ಹೇಳಿತ್ತು. 2025ರ ಆಗಸ್ಟಿನಲ್ಲಿ ಸರ್ಕಾರ ಆ ಶೇ 1 ಅನ್ನು ತೆಗೆದು ಅವರನ್ನ ಭೋವಿ, ಲಂಬಾಣಿ, ಕೊರಚ, ಕೊರಮರ ಜೊತೆ ಶೇ 5ರ ಗುಂಪಿಗೆ ಸೇರಿಸಿತು. ಹಂದಿಜೋಗಿಗಳೂ ಸೇರಿದಂತೆ ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. 6-6-5 ಅಂತ ಪಟಾಕಿ ಹೊಡೆದ ನಮ್ಮಲ್ಲಿ ಎಷ್ಟು ಜನ ಆ ಟೆಂಟಿಗೆ ಹೋಗಿ ಕೂತ್ವಿ? ನಾನು ಹೋದದ್ದು ಒಂದೇ ದಿನ, ಅದೂ ಮಧ್ಯಾಹ್ನದ ಮೇಲೆ.

ಫೋಟೋ ನೋಡಿ ರೆಸಿಪಿ ಕೇಳಿದವರಿಗೆ: ಭುಜದ ಮಾಂಸವೇ ಬೇಕು, ಕೊಬ್ಬು ಇರಲಿ. ಒಂದೂವರೆ ಕೆಜಿಗೆ ಒಂದೂವರೆ ಚಮಚ ಉಪ್ಪು, ಹಿಡಿಯಷ್ಟು ಬೆಲ್ಲ, ನೆನೆಸಿ ರುಬ್ಬಿದ ಹತ್ತು ಒಣಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕರಿಮೆಣಸು. ನೀರು ಹಾಕಬೇಡಿ, ಹಣ್ಣು ಮತ್ತು ಬಾಡು ಎರಡೂ ನೀರು ಬಿಡುತ್ತವೆ. ಹಸಿ ಅನಾನಸ್ಸಿನಲ್ಲಿ ಬ್ರೋಮೆಲಿನ್ ಅಂತ ಒಂದು ಅಂಶ ಇದೆ, ಮಾಂಸವನ್ನ ಕರಗಿಸುತ್ತೆ. ಹಿಂದಿನ ದಿನವೇ ಕಲೆಸಿಟ್ಟರೆ ಬಾಡು ಹಿಟ್ಟಿನ ಥರ ಆಗುತ್ತೆ. ಆದ್ದರಿಂದ ಹಣ್ಣನ್ನ ಬಾಣಲೆಯಲ್ಲಿ ಬಾಡಿಸಿಕೊಂಡೇ ಹಾಕಿ. ಸಣ್ಣ ಕಾವಿನಲ್ಲಿ ಎಂಟು ಗಂಟೆ. ಕುಕ್ಕರ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಹಾಕಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಅತಿ ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬಿಡಿ. ಬಿಡಿಸಿದ ಬಾಡನ್ನ ಅದೇ ರಸಕ್ಕೆ ಹಾಕಿ ಕಲೆಸಿ. ಅವ್ವನ ತಿದ್ದುಪಡಿ: ಬೆಲ್ಲ ಅರ್ಧ ಮಾಡಿ, ಹುಣಸೆಹುಳಿ ಹಾಕಿ, ಬನ್ನು ಬಿಟ್ಟು ಮುದ್ದೆ ಇಟ್ಟುಕೊಳ್ಳಿ.

ಮಹಾರಾಷ್ಟ್ರದ ಶಾಹು ಪಾಟೋಳೆ 2015ರಲ್ಲಿ ಮರಾಠವಾಡದ ದಲಿತರ ಅಡುಗೆಯನ್ನೆಲ್ಲ ಮರಾಠಿಯಲ್ಲಿ ಪುಸ್ತಕ ಮಾಡಿದರು. 2024ರಲ್ಲಿ ಇಂಗ್ಲಿಷಿಗೂ ಬಂತು. ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕೇರಿ, ಗುಡಾರಗಳ ಅಡುಗೆಯನ್ನೂ ಹಾಗೆ ಬರೆದಿಡೋಣ ಅಂತ ನಾನು ಮತ್ತು ಇಬ್ಬರು ಗೆಳೆಯರು ಮಾತಾಡಿದ್ದೀವಿ. ನಿಮ್ಮ ಅಜ್ಜಿ, ಅವ್ವ ಹಂದಿ ಹೇಗೆ ಬೇಯಿಸ್ತಿದ್ರು, ಯಾವ ತುಂಡು ಸಿಕ್ತಿತ್ತು, ಯಾರಿಂದ ಕೊಳ್ತಿದ್ರು ಅಂತ ಕೇಳಿ ಬರೆದು ಕಳಿಸಿ. ಕೇಳೋಕೆ ಸಿಗೋರು ಇನ್ನು ತುಂಬ ಜನ ಉಳಿದಿಲ್ಲ.

ಭಾನುವಾರ ಸಂಜೆ ಅವಳು ಕುಕ್ಕರ್ ತೊಳೆದು ಒರೆಸಿ, ಡಬ್ಬಕ್ಕೆ ಹಾಕ್ಕೊಂಡು ಬಸ್ ಹತ್ತಿದಳು. ಉಳಿದ ಬಾಡನ್ನ ಅವ್ವ ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಬಟ್ಟೆ ಕಟ್ಟಿ, ಅದರ ಮೇಲೆ ಎರಡು ಕವರು ಸುತ್ತಿ ಕೊಟ್ಟಳು, ಬಸ್ಸಲ್ಲಿ ವಾಸನೆ ಬರಬಾರದು ಅಂತ.